ಟಪ್ ಎನ್ನುವ ಮುಚ್ಚಳ

ತಪ್ಪೆಲ್ಲ ಆ ಮುಚ್ಚಳದ್ದು. ಜಾಮ್ ಬಾಟಲಿಯ ಮುಚ್ಚಳ ಲೋಕದ ಬೇರೆಲ್ಲ ಮುಚ್ಚಳಗಳ ಹಾಗೆ ಇದ್ದಿದ್ದರೆ, ಅಂದರೆ ಎರಡು ದಿನಕ್ಕೆ ಸೊಟ್ಟಗಾಗಿ, ವಾರಕ್ಕೆ ತುಕ್ಕು ಹಿಡಿದು, ತಿಂಗಳಿಗೆ ಮನೆಯ ಗಂಡಸರ ಮರ್ಯಾದೆ ತೆಗೆಯುವಷ್ಟು ಬಿಗಿಯಾಗಿ ಕೂತುಬಿಟ್ಟಿದ್ದರೆ, ವಾಪಸಪ್ಪನ ಬಾಳು ನೆಟ್ಟಗಿರುತ್ತಿತ್ತು. ಆದರೆ ಅವನ ಕಂಪನಿಯ ಮುಚ್ಚಳ ಗಾಜಿನದು. ಒಳಗೆ ರಬ್ಬರಿನ ಬಳೆ, ಹೊರಗೆ ತಂತಿಯ ಕೊಕ್ಕೆ. ಕೊಕ್ಕೆ ಒತ್ತಿದರೆ 'ಟಪ್' ಎನ್ನುತ್ತಿತ್ತು. ಒಂದು ಸಲ ಆ ಸದ್ದು ಕೇಳಿದವರು ಇನ್ನೊಂದು ಸಲ ಒತ್ತದೆ ಇರುತ್ತಿರಲಿಲ್ಲ. ಒಳಗಿಟ್ಟ ಸಕ್ಕರೆಗೆ ಇರುವೆ ಬರುತ್ತಿರಲಿಲ್ಲ, ಉಪ್ಪು ನೀರಾಗುತ್ತಿರಲಿಲ್ಲ, ಬಿಸ್ಕತ್ತು ಮೆತ್ತಗಾಗುತ್ತಿರಲಿಲ್ಲ.

ಜಾಮ್ ಸುಮಾರಾಗಿತ್ತು. ಬಾಟಲಿ ಮಾತ್ರ ಭರ್ಜರಿಯಾಗಿತ್ತು. ಹೀಗಾಗಿ ಕಾರ್ಖಾನೆಯಿಂದ ಹೊರಟ ಬಾಟಲಿ ಮತ್ತೆ ಕಾರ್ಖಾನೆಯ ಮುಖ ನೋಡಿದ್ದೇ ಇಲ್ಲ.

ಅದನ್ನು ಮರಳಿ ತರುವುದೇ ವಾಪಸಪ್ಪನ ಕೆಲಸ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ವಾಪಸಾತಿ ವಿಭಾಗದ ಮುಖ್ಯಸ್ಥ ಎಂಬ ಫಲಕ ಮೇಜಿನ ಮೇಲೆ ಬಂದ ದಿನದಿಂದ ಅದನ್ನು ಎಲ್ಲರೂ ಮರೆತರು. ಆ ವಿಭಾಗದಲ್ಲಿ ಮುಖ್ಯಸ್ಥನೂ ಅವನೇ, ಗುಮಾಸ್ತನೂ ಅವನೇ, ಗಾಡಿ ತಳ್ಳುವವನೂ ಅವನೇ. ಯಜಮಾನರು ಎಲ್ಲೋ ಒಂದು ವಿಚಾರಸಂಕಿರಣಕ್ಕೆ ಹೋಗಿ ಬಂದವರು, ಗೋಡೆಯ ಹಲಗೆಯ ಮೇಲೆ ದೊಡ್ಡದೊಂದು ವೃತ್ತ ಬರೆದಿದ್ದರು. ಕಾರ್ಖಾನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ, ಮನೆಯಿಂದ ಮತ್ತೆ ಕಾರ್ಖಾನೆಗೆ. "ಎಸೆಯೋದು ಅನ್ನೋದೇ ಇರಬಾರದು. ಹೋದದ್ದು ಬರಬೇಕು, ಬಂದದ್ದು ಹೋಗಬೇಕು" ಎಂದಿದ್ದರು. ಅದೇ ಉತ್ಸಾಹದಲ್ಲಿ ಬಾಟಲಿ ತೊಳೆಯುವ ದೊಡ್ಡ ಯಂತ್ರವೊಂದನ್ನೂ ತರಿಸಿದ್ದರು. ಒಂದು ಬಾಟಲಿಗೆ ಒಂದು ಗೂಡು. ಒಂದೇ ಒಂದು ಗೂಡು ಖಾಲಿ ಇದ್ದರೂ ಕೆಂಪು ದೀಪ ಹತ್ತುತ್ತಿತ್ತೇ ಹೊರತು ಯಂತ್ರ ಮಿಸುಕುತ್ತಿರಲಿಲ್ಲ. ಈವರೆಗೆ ಅದು ಒಂದು ಸಲವೂ ಮಿಸುಕಿರಲಿಲ್ಲ. ಅದರ ಮೇಲೆ ಒಂದು ಬೆಕ್ಕು ಮರಿ ಹಾಕಿ ಸಂಸಾರ ಹೂಡಿತ್ತು.

ಆ ದಿನ ಬೆಳಿಗ್ಗೆ ಯಜಮಾನರು ವಾಪಸಪ್ಪನನ್ನು ಕರೆಸಿದರು. ಅವರ ಮುಂದೆ ಗಾಜಿನ ಕಾರ್ಖಾನೆಯ ಬಿಲ್ಲು ಬಿದ್ದಿತ್ತು. ಅದನ್ನು ಅವರು ನೋಡುತ್ತಿದ್ದ ರೀತಿ, ಹಲ್ಲುನೋವಿನವರು ಐಸ್‌ಕ್ರೀಮ್ ನೋಡುವ ರೀತಿ ಇತ್ತು.

"ಒಳಗಿನ ಜಾಮ್‌ಗಿಂತ ಹೊರಗಿನ ಬಾಟ್ಲಿಗೇ ಜಾಸ್ತಿ ಖರ್ಚಾಗ್ತಿದೆ. ಹೀಗೇ ಆದ್ರೆ ಬಾಗಿಲು ಹಾಕ್ಬೇಕಾಗತ್ತೆ. ನೋಡು, ಇವತ್ತು ಸಾಯಂಕಾಲದೊಳಗೆ ಆ ಯಂತ್ರ ಒಂದ್ಸಲ ತಿರುಗಿದ್ರೆ ನಿನ್ನ ವಿಭಾಗ ಇರತ್ತೆ. ನಿನ್ನ ಕೆಲಸಾನೂ ಖಾಯಂ ಮಾಡ್ತೀನಿ, ಸಂಬಳಾನೂ ಏರಿಸ್ತೀನಿ. ಇಲ್ದಿದ್ರೆ ವೃತ್ತ ಅಳಿಸಿಬಿಡ್ತೀನಿ."

"ನಾನು ಸಾರ್?"

"ವೃತ್ತಾನೇ ಇಲ್ಲ ಅಂದ್ಮೇಲೆ ನೀನೆಲ್ಲಿ ನಿಂತ್ಕೊಳ್ತೀಯಪ್ಪ?"

ವಾಪಸಪ್ಪನಿಗೆ ಭಯವಾಯಿತು. ಅದರ ಹಿಂದೆಯೇ ಒಂದು ಆಸೆಯೂ ಎದ್ದಿತು. ಅವನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಗಂಡನ ಪುಟ್ಟ ಸಂಬಳಕ್ಕೆ ಒತ್ತಾಸೆಯಾಗಲಿ ಎಂದು ವರ್ಷಗಳಿಂದ ರಾತ್ರಿ ಪಾಳಿ ಮಾಡುತ್ತಿದ್ದಳು. ಅವಳು ಮನೆಗೆ ಬರುವ ಹೊತ್ತಿಗೆ ಅವನು ಹೊರಡುತ್ತಿದ್ದ. ಗಂಡ ಹೆಂಡತಿ ಮೆಟ್ಟಿಲ ಮೇಲೆ ಭೇಟಿಯಾಗಿ, "ಹಾಲು ಕಾಸಿದ್ದೀನಿ", "ಬಟ್ಟೆ ಒಣಗಿಸಿದ್ದೀನಿ" ಎಂದು ಎರಡು ಬಸ್ಸುಗಳ ಡ್ರೈವರುಗಳಂತೆ ಕೈ ಬೀಸಿ ಮುಂದೆ ಹೋಗುತ್ತಿದ್ದರು. ಕೆಲಸ ಖಾಯಂ ಆದ ದಿನ ನೀನು ರಾತ್ರಿ ಪಾಳಿ ಬಿಡು ಎಂದು ಅವನು ಮಾತು ಕೊಟ್ಟಿದ್ದ. ಅವಳು ನಂಬಿರಲಿಲ್ಲ, ಆದರೆ ಮರೆತೂ ಇರಲಿಲ್ಲ.

ಹೊರಗೆ ಬಂದರೆ ಮಾರಾಟ ವಿಭಾಗದ ಮಾತಿನಮಲ್ಲ ಕಂಪನಿಯ ವ್ಯಾನು ಏರುತ್ತಿದ್ದ. ಕಲ್ಲಿಗೂ ಜಾಮ್ ಮಾರಬಲ್ಲೆ ಎಂದು ಅವನೇ ಹೇಳಿಕೊಳ್ಳುತ್ತಿದ್ದ.

"ಏನ್ ಗುರುವೇ, ಮುಖ ತೊಳ್ದಿಟ್ಟ ಬಾಟ್ಲಿ ಥರಾ ಆಗಿದೆ?"

"ವ್ಯಾನು ಒಂದರ್ಧ ದಿನ ಕೊಡು. ಬಾಟ್ಲಿ ತರ್ಬೇಕು."

"ಬಾಟ್ಲಿ ಹೋಗೋಕೆ ವ್ಯಾನು, ಬರೋಕೆ ತಳ್ಳುಗಾಡಿ. ಅದೇ ಅಲ್ವಾ ನಮ್ಮ ಪದ್ಧತಿ?" ಎಂದು ಅವನು ಹೊಗೆ ಬಿಟ್ಟುಕೊಂಡು ಹೋದ.

ವಾಪಸಪ್ಪ ತಳ್ಳುಗಾಡಿಯ ಮೇಲೆ ಕ್ರೇಟುಗಳನ್ನು ಪೇರಿಸಿದ. ಎಲ್ಲಿಗೆ ಹೋಗಬೇಕೆಂದು ಅವನು ಯೋಚಿಸಲೇ ಇಲ್ಲ. ಇಡೀ ಊರಿನಲ್ಲಿ ಈ ಬಾಟಲಿಗಳು ಒಟ್ಟಾಗಿ ಸಂಸಾರ ಮಾಡುತ್ತಿದ್ದ ಜಾಗ ಒಂದೇ. ಅದು ಅವನು ವಾಸವಿದ್ದ ನಾಲ್ಕು ಮಹಡಿಯ ಕಟ್ಟಡ. ಕಂಪನಿಯವನೇ ಇದ್ದಾನಲ್ಲ, ನಾಳೆ ಕೊಟ್ಟರಾಯಿತು ಎಂದು ಎಲ್ಲರೂ ಇಟ್ಟುಕೊಂಡವರೇ. ಇವನೂ ಮುಖ ನೋಡಿ ಕೇಳಲಾರದೆ ಬಿಟ್ಟವನೇ. ಇವತ್ತು ದಾಕ್ಷಿಣ್ಯ ಅಂದರೆ ಕೆಲಸ ಹೋಗುತ್ತದೆ. ಅವನು ಹಲ್ಲು ಕಚ್ಚಿ ಗಾಡಿ ತಳ್ಳಿದ.

ಕೆಳಮನೆಯಲ್ಲಿ ನಿವೃತ್ತ ಮೇಷ್ಟ್ರು. ಅವರ ಗೋಡೆಯ ತುಂಬ ಕಪಾಟು, ಕಪಾಟಿನ ತುಂಬ ಬಾಟಲಿ, ಬಾಟಲಿಯ ತುಂಬ ಮೊಳೆ, ಸ್ಕ್ರೂ, ನಟ್ಟು, ಬೋಲ್ಟು. ಗಾತ್ರದ ಪ್ರಕಾರ ಸಾಲಾಗಿ ನಿಂತ ಅವನ್ನು ನೋಡಿದರೆ ಪ್ರಾರ್ಥನೆಗೆ ನಿಂತ ಶಾಲೆಯ ಮಕ್ಕಳ ನೆನಪಾಗುತ್ತಿತ್ತು.

"ಕೊಡಲ್ಲ. ದುಡ್ಡು ಕೊಟ್ಟು ತಗೊಂಡಿದ್ದೀನಿ."

"ದುಡ್ಡು ಜಾಮ್‌ಗೆ ಕೊಟ್ರಿ ಸಾರ್. ಬಾಟ್ಲಿ ನಮ್ಮದು."

"ಹಾಗಿದ್ರೆ ಜಾಮನ್ನ ನನ್ನ ಅಂಗೈಗೆ ಸುರೀಬೇಕಿತ್ತು."

"ಬಾಟ್ಲಿಗೆ ಕೊಟ್ಟ ಠೇವಣಿ ವಾಪಸ್ ಕೊಡ್ತೀನಲ್ಲ ಸಾರ್."

"ಠೇವಣೀಲಿ ಸ್ಕ್ರೂ ತುಂಬಿಡೋಕಾಗತ್ತೇನಪ್ಪ?"

ವಾಪಸಪ್ಪ ಹೊಸಿಲ ಮೇಲೆ ಕೂತುಬಿಟ್ಟ. ಮೇಷ್ಟ್ರು ಬಾಗಿಲು ಹಾಕಲು ನೋಡಿದರು. ಅವನ ಬೆನ್ನು ಅಡ್ಡ ಬಂತು. ಬೇರೇನೂ ತೋಚದೆ ಅವನು ನಿಜ ಹೇಳಿದ. ಯಜಮಾನರು, ಯಂತ್ರ, ಸಾಯಂಕಾಲ, ಹೆಂಡತಿಯ ರಾತ್ರಿ ಪಾಳಿ, ಎಲ್ಲ.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. "ಇದನ್ನ ಮೊದ್ಲೇ ಬೊಗಳ್ಬಾರ್ದಾ? ಕಾನೂನು ಮಾತಾಡ್ತಾ ಕೂತಿದ್ದೀಯ. ತಗೋ. ಆದ್ರೆ ಒಂದು ಷರತ್ತು. ಎಲ್ಲಾ ಸ್ಕ್ರೂನೂ ಬೇರೆಬೇರೆ ಪೊಟ್ಟಣ ಕಟ್ಬೇಕು."

"ಭಾನುವಾರ ಬಂದು ಕಟ್ತೀನಿ ಸಾರ್. ಈಗ ಬಕೆಟ್ಟಿಗೆ ಸುರೀತೀನಿ."

ಮೇಷ್ಟ್ರ ಇಡೀ ಆಯುಷ್ಯದ ಶಿಸ್ತು ಗಲಗಲ ಎಂದು ಒಂದು ಬಕೆಟ್ಟಿಗೆ ಬಿತ್ತು. ಅವರು ಆ ಕಡೆ ತಿರುಗಿ ನಿಂತರು.

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ತಾನು ತ್ಯಾಗ ಮಾಡಿದ ಮೇಲೆ ಮಿಕ್ಕವರೂ ಮಾಡಲೇಬೇಕು ಎಂದು ಮೇಷ್ಟ್ರಿಗೆ ಅನ್ನಿಸಿತು. ಕೈಯಲ್ಲಿ ಅಡಿಕೋಲು ಹಿಡಿದು ಅವರು ಮೆಟ್ಟಿಲು ಹತ್ತಿದರು. "ನೀನು ಸುರಿಯೋದು ನೋಡ್ಕೋ, ಕೇಳೋದು ನನಗೆ ಬಿಡು" ಎಂದರು.

ಮೊದಲ ಮಹಡಿಯಲ್ಲಿ ಟೈಲರ್ ಅಕ್ಕ. ಅವಳ ಬಾಟಲಿಗಳಲ್ಲಿ ಗುಂಡಿಗಳಿದ್ದವು. ಕಪ್ಪು, ಕಡುಕಪ್ಪು, ಕಪ್ಪೆಂದು ಕಾಣುವ ನೀಲಿ, ನೀಲಿಯೆಂದು ಕಾಣುವ ಕಪ್ಪು.

"ಇವನ ಕೆಲಸ ಹೋಗ್ತಿದೆಯಮ್ಮ. ಮನೆ ಬಿಡ್ಬೇಕಾಗ್ಬಹುದು" ಎಂದರು ಮೇಷ್ಟ್ರು.

"ಮನೆ ಬಿಡೋದೆಲ್ಲ ಏನಿಲ್ಲ ಸಾರ್" ಎಂದ ವಾಪಸಪ್ಪ.

"ಸುಮ್ನಿರು. ಮರ್ಯಾದಸ್ಥರು ಹಾಗೇ ಹೇಳೋದು."

ಟೈಲರ್ ಅಕ್ಕನ ಕಣ್ಣು ತೇವವಾಯಿತು. ಹಳೆಯ ಬೆಡ್‌ಶೀಟು ಹಾಸಿದಳು. ವಾಪಸಪ್ಪ ಒಂದೊಂದು ಬಣ್ಣಕ್ಕೆ ಒಂದೊಂದು ರಾಶಿ ಹಾಕಿದ. ತುಂಬ ಎಚ್ಚರಿಕೆಯಿಂದ, ಕೈ ಸೋಕದ ಹಾಗೆ, ಉಸಿರು ಬಿಡದ ಹಾಗೆ. ಕೊನೆಯ ರಾಶಿ ಮುಗಿದದ್ದೇ ತಡ, ಮೇಷ್ಟ್ರು "ಇಲ್ಲಿ ತುಳಿದ್ಬಿಡ್ತೀರಿ, ಒಂದ್ಕಡೆ ಇಡಿ" ಎನ್ನುತ್ತ ಬೆಡ್‌ಶೀಟಿನ ನಾಲ್ಕು ಮೂಲೆ ಸೇರಿಸಿ ಎತ್ತಿಬಿಟ್ಟರು.

ರಾಶಿಗಳೆಲ್ಲ ಝಲ್ಲೆಂದು ಒಂದೇ ರಾಶಿಯಾದವು.

"ಅಣ್ಣ," ಎಂದಳು ಟೈಲರ್ ಅಕ್ಕ ಮೆಲ್ಲಗೆ, "ಭಾನುವಾರ ಬಿಡುವಿದೆಯಾ?"

"ಬೆಳಿಗ್ಗೆ ಮೇಷ್ಟ್ರ ಸ್ಕ್ರೂ. ಮಧ್ಯಾಹ್ನದ ಮೇಲೆ ನಿಮ್ಮ ಗುಂಡಿ" ಎಂದ ವಾಪಸಪ್ಪ. ಆ ಭಾನುವಾರ ಅವನ ಕೈಬಿಟ್ಟು ಹೋದದ್ದು ಹೀಗೆ. ಮಹಡಿ ಹತ್ತುತ್ತ ಹೋದ ಹಾಗೆ ಮುಂದಿನ ಭಾನುವಾರಗಳೂ ಹೋದವು. ಒಂದು ಮನೆಯಲ್ಲಿ ಮಣಿ, ಒಂದು ಮನೆಯಲ್ಲಿ ಬೀಜ, ಇನ್ನೊಂದರಲ್ಲಿ ಯಾರೂ ಹೆಸರು ಹೇಳಲಾರದ ಒಂದು ಪುಡಿ.

ಮೇಷ್ಟ್ರ ವರದಿಯೂ ಮಹಡಿಗೆ ತಕ್ಕ ಹಾಗೆ ಏರುತ್ತಿತ್ತು. ಎರಡನೆಯ ಮಹಡಿಯಲ್ಲಿ ವಾಪಸಪ್ಪನ ಮನೆಯ ಸಾಮಾನು ಜಫ್ತಿಯಾಗುವುದರಲ್ಲಿತ್ತು. ಮೂರನೆಯ ಮಹಡಿಗೆ ಬರುವಷ್ಟರಲ್ಲಿ ಪಾಪ, ಅವನ ಹೆಂಡತಿ ಬಿಟ್ಟು ಹೋಗುವ ತೀರ್ಮಾನ ಮಾಡಿದ್ದಳು.

"ಸಾರ್, ಅವಳು ಅಲ್ಲೇ ಎದುರುಗಡೆ ನಮ್ಮನೇಲಿ ಮಲಗಿದ್ದಾಳೆ" ಎಂದ ವಾಪಸಪ್ಪ ಪಿಸುಮಾತಿನಲ್ಲಿ.

"ಮಲಗಿರ್ಲಿ. ನೀನು ಬಾಟ್ಲಿ ಎಣಿಸ್ಕೋ."

ಬಾಟಲಿಗಳು ಬಂದವು, ನಿಜ. ಹೆಂಗಸರು ಕಣ್ಣೊರೆಸಿಕೊಂಡು ತಂದುಕೊಟ್ಟರು. ಕ್ರೇಟುಗಳು ತುಂಬಿದವು. ಆದರೆ ಯಂತ್ರದ ಗೂಡುಗಳಿಗೆ ಇನ್ನೂ ಸಾಲದು. ಮಿಕ್ಕದ್ದು ಒಂದೇ ಮನೆ. ತನ್ನದು.

ಅಲ್ಲಿ ಹೆಂಡತಿ ರಾತ್ರಿ ಪಾಳಿ ಮುಗಿಸಿ ಮಲಗಿದ್ದಳು. ಅವಳ ನಿದ್ದೆ ಕೆಡಿಸುವುದೆಂದರೆ ಅವನಿಗೆ ಯಜಮಾನರಿಗಿಂತ ದೊಡ್ಡ ಭಯ. ಚಪ್ಪಲಿ ಕೈಯಲ್ಲಿ ಹಿಡಿದು, ತನ್ನ ಮನೆಗೆ ತಾನೇ ಕಳ್ಳನಂತೆ ನುಗ್ಗಿ ಅಡುಗೆಮನೆ ಸೇರಿದ. ಸದ್ದಾಗದ ಹಾಗೆ ಸಕ್ಕರೆಯನ್ನು ಒಂದು ಪಾತ್ರೆಗೆ, ಉಪ್ಪನ್ನು ಇನ್ನೊಂದಕ್ಕೆ, ಬಟ್ಟೆ ಒಗೆಯುವ ಸೋಡಾವನ್ನು ಮತ್ತೊಂದಕ್ಕೆ ಸುರಿದ. ಮೂರೂ ಬಿಳಿ. ಮೂರೂ ಪಾತ್ರೆ ಒಂದೇ ಗಾತ್ರ. ಅದು ಅವನ ತಲೆಗೆ ಹೊಳೆಯುವಷ್ಟರಲ್ಲಿ ಯಾವುದು ಯಾವುದೆಂಬುದು ತಲೆಯಿಂದ ಹೋಗಿತ್ತು.

ತಿರುಗಿ ನೋಡಿದರೆ ಬಾಗಿಲಲ್ಲಿ ಅತ್ತೆ. ಬಾಯಲ್ಲಿ ಹಲ್ಲಿರಲಿಲ್ಲ. ಅವರ ಹಲ್ಲಿನ ಸೆಟ್ಟು ಕಿಟಕಿಯ ಮೇಲೆ, ಕಂಪನಿಯ ಬಾಟಲಿಯೊಂದರಲ್ಲಿ, ನೀರಿನೊಳಗೆ ನಗುತ್ತಿತ್ತು. ಯಾರಾದರೂ ಗೊತ್ತಿಲ್ಲದೆ ಕೈಹಾಕಿಯಾರು ಎಂದು ಬಾಟಲಿಯ ತಳಕ್ಕೆ ಅತ್ತೆ ಕೆಂಪು ನೇಲ್‌ಪಾಲಿಶಿನಲ್ಲಿ ದಪ್ಪ ಚುಕ್ಕೆಯೊಂದನ್ನು ಇಟ್ಟಿದ್ದರು.

"ಅಳಿಯಂದ್ರೇ, ನಿಮ್ಮ ಕಣ್ಣು ಅದರ ಮೇಲೂ ಬಿತ್ತಾ?" ಹಲ್ಲಿಲ್ಲದ ಮಾತಿನಲ್ಲಿ ಅಕ್ಷರಕ್ಕಿಂತ ಗಾಳಿ ಹೆಚ್ಚಿತ್ತು.

"ಒಂದೇ ಒಂದು ಬಾಟ್ಲಿ ಅತ್ತೆ. ನನ್ನ ಸ್ಟೀಲ್ ಲೋಟ ಕೊಡ್ತೀನಿ."

"ಲೋಟಕ್ಕೆ ಮುಚ್ಚಳ ಇಲ್ಲ. ರಾತ್ರಿ ಜಿರಲೆ ಬಂದು ನನ್ನ ಹಲ್ಲು ಹಾಕ್ಕೊಂಡು ಹೋದ್ರೆ?"

"ಮೇಲೆ ತಟ್ಟೆ ಮುಚ್ಚಿಡ್ತೀನಿ. ನಿಮ್ಮ ಮಗಳಿಗೋಸ್ಕರ ಅತ್ತೆ."

ಅತ್ತೆ ಒಪ್ಪಿಕೊಂಡರು. ಅಷ್ಟರಲ್ಲಿ ಕರೆಗಂಟೆ ಹೊಡೆಯಿತು. ಅವನು ಓಡುವುದರೊಳಗೆ ಮಲಗುವ ಕೋಣೆಯ ಬಾಗಿಲು ತೆರೆಯಿತು. ಹೊರಗೆ ಮೂರನೆಯ ಮಹಡಿಯ ಹೆಂಗಸರೆಲ್ಲ ನಿಂತಿದ್ದರು. ಎಲ್ಲರಿಗಿಂತ ಹಿರಿಯರು ಅವನ ಹೆಂಡತಿಯ ಎರಡೂ ಕೈ ಹಿಡಿದುಕೊಂಡರು.

"ಒಳ್ಳೆಯವನಮ್ಮ ಅವನು. ಕೆಲಸ ಇವತ್ತು ಹೋಗತ್ತೆ, ನಾಳೆ ಬರತ್ತೆ. ಬಿಟ್ಟು ಮಾತ್ರ ಹೋಗ್ಬೇಡ."

ಅವರನ್ನು ಕಳಿಸಿ ಹೆಂಡತಿ ಅಡುಗೆಮನೆಗೆ ಬಂದಳು. ಖಾಲಿ ಕಪಾಟು ನೋಡಿದಳು, ಮೂರು ಬಿಳಿ ಪಾತ್ರೆ ನೋಡಿದಳು, ಚಪ್ಪಲಿಯನ್ನು ಕಂಕುಳಲ್ಲಿ ಇಟ್ಟುಕೊಂಡ ಗಂಡನನ್ನು ನೋಡಿದಳು.

"ರೀ, ನಾನು ನಿಮ್ಮನ್ನ ಬಿಟ್ಟು ಹೋಗ್ತಿದ್ದೀನಂತೆ. ಯಾವತ್ತು ಅಂತ ನನಗೂ ಒಂದು ಮಾತು ಹೇಳಿ. ರಜಾ ಹಾಕ್ಬೇಕಲ್ಲ."

ಅವನು ಎಲ್ಲವನ್ನೂ ಹೇಳಿದ. ಮೇಷ್ಟ್ರು ಮಹಡಿ ಮಹಡಿಗೂ ಸೇರಿಸಿದ್ದನ್ನೆಲ್ಲ ಕಳೆದೇ ಹೇಳಿದ. ಅವಳು ಕೇಳಿಸಿಕೊಂಡು ಕೋಣೆಗೆ ಹೋದಳು. ಮರಳಿ ಬಂದಾಗ ಕೈಯಲ್ಲಿ ಇನ್ನೆರಡು ಬಾಟಲಿ ಇದ್ದವು. ಅವುಗಳಲ್ಲಿದ್ದ ಹೇರ್‌ಪಿನ್ನು, ಹತ್ತಿ, ಸೂಜಿ ಎಲ್ಲವನ್ನೂ ತಾನೇ ಮಂಚದ ಮೇಲೆ ಸುರಿದು ಬಂದಿದ್ದಳು.

"ರಾತ್ರಿ ಹೊತ್ತು ನನ್ನ ಹಾಸಿಗೇಲಿ ನಾನು ಮಲಗೋ ಹಾಗಾದ್ರೆ ಈ ಅಡುಗೆಮನೇನೇ ಗಾಡಿ ಮೇಲೆ ಹಾಕ್ಕೊಂಡ್ ಹೋಗಿ. ಸೋಲಬೇಡಿ ಅಷ್ಟೇ."

ಆಮೇಲೆ ವಾಪಸಪ್ಪ ಗಾಡಿ ತಳ್ಳಿದ್ದನ್ನು ತಳ್ಳುವುದು ಎನ್ನಲಾಗದು. ಬಾಟಲಿಗಳು ಕಿಣಿಕಿಣಿ ಎನ್ನುತ್ತಿದ್ದವು, ಬೆವರು ಕಣ್ಣಿಗಿಳಿಯುತ್ತಿತ್ತು, ಗಾಡಿ ಎಳೆಯುತ್ತಿತ್ತೋ ಅವನು ಎಳೆಯುತ್ತಿದ್ದನೋ ದಾರಿಹೋಕರಿಗೆ ತಿಳಿಯಲಿಲ್ಲ. ಕಾರ್ಖಾನೆ ತಲುಪಿದಾಗ ಸೂರ್ಯ ಚಿಮಣಿಯ ಹಿಂದೆ ಸರಿಯುತ್ತಿದ್ದ. ಯಜಮಾನರು ಯಂತ್ರದ ಪಕ್ಕದಲ್ಲೇ ನಿಂತಿದ್ದರು. ಒಂದು ಕೈಯಲ್ಲಿ ಹಲಗೆ ಒರೆಸುವ ಬಟ್ಟೆಯೂ ಇತ್ತು.

ಬೆಕ್ಕನ್ನೂ ಮರಿಗಳನ್ನೂ ಒಂದು ರಟ್ಟಿನ ಪೆಟ್ಟಿಗೆಗೆ ವರ್ಗಾಯಿಸಿದ್ದಾಯಿತು. ವಾಪಸಪ್ಪ ಗೂಡುಗಳನ್ನು ತುಂಬುತ್ತ ಹೋದ. ಸಾಲಿನ ಮೇಲೆ ಸಾಲು ತುಂಬಿತು. ಕೊನೆಯ ಸಾಲಿಗೆ ಬಂದ. ಕೊನೆಯ ಬಾಟಲಿಯನ್ನು ಇಟ್ಟ. ಒಂದು ಗೂಡು ಮಿಕ್ಕಿತು.

ಗುಂಡಿ ಒತ್ತಿದ. ಕೆಂಪು ದೀಪ ಹತ್ತಿತು.

"ಒಂದು ತಾನೇ ಸಾರ್" ಎಂದ.

"ನನಗೇನೋ ಅದು ಒಂದು ತಾನೇ. ಯಂತ್ರಕ್ಕೆ ಹೇಳು" ಎಂದು ಯಜಮಾನರು ನಿಟ್ಟುಸಿರು ಬಿಟ್ಟು ಹಲಗೆಯ ಕಡೆ ಹೊರಟರು.

ವಾಪಸಪ್ಪ ಅವರ ಹಿಂದೆಯೇ ಓಡಿದ. ಬೇಡಿಕೊಳ್ಳಲೆಂದು ಓಡಿದವನು ಅವರ ಮೇಜಿನ ಮುಂದೆ ಗಕ್ಕನೆ ನಿಂತ. ಮೇಜಿನ ಮೇಲೆ, ಯಜಮಾನರ ಪೆನ್ನು, ಪೆನ್ಸಿಲು, ಬಾಚಣಿಗೆ, ಮಾತ್ರೆ, ಹಲ್ಲುಕಡ್ಡಿಗಳನ್ನೆಲ್ಲ ತುಂಬಿಕೊಂಡು, ಮುಚ್ಚಳ ತೆರೆದು ಕೂತಿತ್ತು ಕಂಪನಿಯದೇ ಒಂದು ಬಾಟಲಿ.

ಅವನು ಕೇಳಲಿಲ್ಲ. ಆ ದಿನ ಕೇಳುವುದು ಸಾಕಾಗಿತ್ತು. ಎತ್ತಿಕೊಂಡು, ಮೇಜಿನ ಮೇಲೆ ಬೋರಲು ಹಾಕಿ, ಓಡಿದ. ಯಜಮಾನರು "ಏಯ್, ನನ್ನ ಬಿಪಿ ಮಾತ್ರೆ" ಎಂದು ಹಿಂದೆ ಓಡಿಬಂದರು. ಅವರು ಬರುವಷ್ಟರಲ್ಲಿ ಹಸಿರು ದೀಪ ಹತ್ತಿತ್ತು. ಯಂತ್ರ ಒಮ್ಮೆ ಸೀನಿತು, ಒಮ್ಮೆ ನಡುಗಿತು, ಆಮೇಲೆ ಗುಡುಗುಡು ಎಂದು ತಿರುಗತೊಡಗಿತು.

ಯಜಮಾನರು ಒರೆಸುವ ಬಟ್ಟೆಯನ್ನು ಅತ್ತ ಎಸೆದರು. "ವೃತ್ತ ಕೂಡ್ತು ಕಣೋ" ಎಂದರು. ತೊಳೆದ ಬಾಟಲಿಗಳು ಫಳಫಳ ಹೊಳೆಯುತ್ತ ಹೊರಬಂದವು. ಅಷ್ಟರಲ್ಲಿ ಮಾತಿನಮಲ್ಲ ಫೋನು ಕಿವಿಗಿಟ್ಟುಕೊಂಡು ಓಡಿಬಂದ.

"ಸಾರ್, ಮೂಲೆ ಅಂಗಡಿಯವನು. ಇದ್ದ ಜಾಮೆಲ್ಲ ಒಂದೇ ಗಳಿಗೇಲಿ ಖಾಲಿಯಂತೆ. ಜನ ಸಾಲು ನಿಂತಿದ್ದಾರಂತೆ. ಬೆಳಿಗ್ಗೆ ನಾನೇ ಹೋಗಿ ಮಾತಾಡಿ ಬಂದಿದ್ದು, ನೋಡಿ ಪರಿಣಾಮ. ತಕ್ಷಣ ಮಾಲು ಬೇಕು."

ಹೊಸ ಬಾಟಲಿ ಇರಲಿಲ್ಲ. ತೊಳೆದ ಬಾಟಲಿಗಳಿಗೇ ಬಿಸಿ ಜಾಮ್ ತುಂಬಿಸಿದರು. ಮಾತಿನಮಲ್ಲ ವ್ಯಾನಿನಲ್ಲಿ ಸೀಟಿ ಹೊಡೆಯುತ್ತ ಹೋದ. ವಾಪಸಪ್ಪ ಯಂತ್ರ ಒರೆಸಿ, ಲೆಕ್ಕ ಬರೆದು ಮುಗಿಸುವಷ್ಟರಲ್ಲಿ ಕತ್ತಲಾಗಿತ್ತು. ಯಜಮಾನರು ವಾಪಸಪ್ಪನ ಬೆನ್ನು ತಟ್ಟಿ, "ಈಗ ಮನೆಗೆ ಹೋಗು. ಕೆಲಸ ಖಾಯಂ. ಮಿಕ್ಕಿದ್ದು ಫೋನಲ್ಲಿ ಹೇಳ್ತೀನಿ" ಎಂದರು. ವಾಪಸಪ್ಪ ಖಾಲಿ ಗಾಡಿ ಬಿಟ್ಟು, ಕಾಲು ನೆಲಕ್ಕೆ ತಾಗದವನಂತೆ ಮನೆಯ ಕಡೆ ನಡೆದ. ಹೆಂಡತಿಗೆ ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಬಾಯಲ್ಲಿ ಹೊರಳಿಸುತ್ತಿದ್ದ.

ಕಟ್ಟಡದ ಬಾಗಿಲಲ್ಲೇ ಸಿಹಿ ವಾಸನೆ ಮೂಗಿಗೆ ಬಡಿಯಿತು. ಕೆಳಮನೆಯ ಮೇಷ್ಟ್ರು ಬಕೆಟ್ಟಿನ ಪಕ್ಕದಲ್ಲಿ ಕೂತು, ಒಂದು ದೊಡ್ಡ ಪಾತ್ರೆಯಿಂದ ಚಮಚದಲ್ಲಿ ಜಾಮ್ ತಿನ್ನುತ್ತಿದ್ದರು. ಮುಖ ಕಷಾಯ ಕುಡಿದ ಹಾಗಿತ್ತು.

"ಸ್ಕ್ರೂ ಇಡೋಕೆ ಬಾಟ್ಲಿ ಬೇಕಲ್ಲಪ್ಪ. ಅದಕ್ಕೆ ಜಾಮ್ ತಂದೆ. ಭಾನುವಾರ ಮರೀಬೇಡ."

ಮೊದಲ ಮಹಡಿಯಲ್ಲಿ ಟೈಲರ್ ಅಕ್ಕ ಗುಂಡಿಗೆಂದು ತೊಳೆದ ಬಾಟಲಿ ಒರೆಸುತ್ತಿದ್ದಳು. ಮಕ್ಕಳ ಮೂಗಿನ ತನಕ ಜಾಮ್ ಇತ್ತು. ಎಲ್ಲ ಬಾಗಿಲಲ್ಲೂ ಪಾತ್ರೆ, ಬೋಗುಣಿ, ಬೇಸನ್ನು, ಎಲ್ಲದರಲ್ಲೂ ಜಾಮ್. ವಾಪಸಪ್ಪ ಮೆಟ್ಟಿಲು ಹತ್ತಿದಂತೆಲ್ಲ ಅವನ ಕಾಲು ಭಾರವಾಗುತ್ತ ಬಂತು.

ಮನೆಯಲ್ಲಿ ಹೆಂಡತಿ ನರ್ಸಿನ ಸಮವಸ್ತ್ರ ಹಾಕಿ ಹೊರಟು ನಿಂತಿದ್ದಳು. ಅಡುಗೆಮನೆಯ ಕಪಾಟಿನಲ್ಲಿ ಬಾಟಲಿಗಳು ಮೊದಲಿನ ಹಾಗೇ ಸಾಲಾಗಿ ನಿಂತಿದ್ದವು. ಪಕ್ಕದಲ್ಲಿ ಅತ್ತೆ ನೀರಿನ ಹಂಡೆಯಿಂದ ಜಾಮ್ ನೆಕ್ಕುತ್ತಿದ್ದರು.

"ಉಪ್ಪು ಹಾಕಿ ಚಹಾ ಮಾಡ್ಕೊಂಡು ಕುಡಿದೆ, ಬಟ್ಟೆ ಸೋಡಾ ಹಾಕಿ ಅಮ್ಮನಿಗೆ ಹಾಲು ಕೊಟ್ಟೆ" ಎಂದಳು ಹೆಂಡತಿ ಶಾಂತವಾಗಿ. "ಇನ್ನೇನ್ ಮಾಡೋದು? ಎಲ್ಲರ ಜೊತೆ ನಾನೂ ಸಾಲಲ್ಲಿ ನಿಂತೆ. ಅಷ್ಟೊಂದು ಜಾಮಿನ ದುಡ್ಡು ಎಲ್ಲಿಂದ ಬರತ್ತೆ? ಈ ತಿಂಗಳು ಇನ್ನೊಂದಿಷ್ಟು ರಾತ್ರಿ ಪಾಳಿ ಹಾಕಿಸ್ಕೊಂಡಿದ್ದೀನಿ. ನಿಮ್ಮ ಕೆಲಸ ಏನಾಯ್ತು?"

"ಖಾಯಂ ಆಯ್ತು" ಎಂದ ವಾಪಸಪ್ಪ.

ಅವಳ ಮುಖ ಒಂದು ಗಳಿಗೆ ಅರಳಿತು. ಅಷ್ಟರಲ್ಲಿ ಅವನ ಫೋನು ರಿಂಗಾಯಿತು. ಯಜಮಾನರ ದನಿ ಕೋಣೆಯ ತುಂಬ ಕೇಳುತ್ತಿತ್ತು.

"ಅದ್ಭುತ ಕಣೋ. ಎರಡನೇ ಸಲ ಕಳಿಸಿದ್ದೂ ಖಾಲಿ. ನೀನು ತರ್ತೀಯ, ಅವರು ತಗೋತಾರೆ. ವೃತ್ತ ಅಂದ್ರೆ ಇದು. ನಾಳೆ ಸಾಯಂಕಾಲದೊಳಗೆ ಮತ್ತೆ ಯಂತ್ರ ತುಂಬಬೇಕು. ನಾಳಿದ್ದೂ ತುಂಬಬೇಕು. ನಿಂತ್ರೆ ಸಂಬಳ ಏರಿಸೋ ಮಾತೂ ನಿಲ್ಲತ್ತೆ. ಮತ್ತೆ ನೋಡು, ನನ್ನ ಮೇಜಿನ ಮೇಲಿಂದು ಮಾತ್ರ ಮುಟ್ಟಬೇಡ. ನಮ್ಮ ಮನೆಯವರೂ ಸಾಲಲ್ಲಿ ನಿಂತು ಹೊಸದು ತಂದಿದ್ದಾರೆ."

ಫೋನು ಕೆಳಗಿಟ್ಟಾಗ ಹೆಂಡತಿ ಮೆಟ್ಟಿಲಿಳಿಯುತ್ತಿದ್ದಳು. ವಾಪಸಪ್ಪ ಅಂಗಿಯ ತೋಳು ಮಡಿಸಿ, ಮೂಲೆಯಲ್ಲಿ ಉಳಿದುಹೋಗಿದ್ದ ಖಾಲಿ ಕ್ರೇಟೊಂದನ್ನು ಎತ್ತಿಕೊಂಡ. ನಾಳೆಯ ತನಕ ಯಾಕೆ ಕಾಯಬೇಕು, ಮನೆಯಿಂದಲೇ ಶುರುಮಾಡೋಣ ಎಂದು ಅತ್ತೆಯ ಕಡೆ ತಿರುಗಿದ.

ಅತ್ತೆ ಕಿಟಕಿಯ ಮೇಲಿನ ಬಾಟಲಿಯನ್ನು ಎತ್ತಿ ಬುಡ ತೋರಿಸಿದರು. ಬಿಸಿನೀರಿಗೂ ಯಂತ್ರಕ್ಕೂ ಜಗ್ಗದೆ ಕೆಂಪು ಚುಕ್ಕೆ ಅಲ್ಲೇ ಇತ್ತು.

"ನೋಡಿ ಅಳಿಯಂದ್ರೇ, ನಂದೇ ಬಾಟ್ಲಿ ನನಗೇ ಬಂತು. ಎಷ್ಟು ಚೆನ್ನಾಗಿ ತೊಳೆದು ಕೊಟ್ಟಿದ್ದಾರೆ" ಎಂದು ಹಲ್ಲುಗಳನ್ನು ಅದರೊಳಗೆ ಇಳಿಬಿಟ್ಟು, ಕೊಕ್ಕೆ ಒತ್ತಿದರು.

ಟಪ್.

ಅದನ್ನೇ ಕಾಯುತ್ತಿದ್ದಂತೆ ಎದುರುಮನೆಯಿಂದ ಟಪ್. ಕೆಳಗಿನಿಂದ ಟಪ್, ಟಪ್. ನಾಲ್ಕೂ ಮಹಡಿಗಳಲ್ಲಿ ಒಂದಾದ ಮೇಲೊಂದು ಮುಚ್ಚಳಗಳು ಬಿಗಿಯಾಗಿ ಮುಚ್ಚಿಕೊಳ್ಳುತ್ತ ಬಂದವು.